ಗುಂಡು ಹಾರದ ಜಗಳಕ್ಕೆ ‘ಸಮರ’ ಅನ್ನೋದ್ಯಾಕೆ?

ಪ್ರಶ್ನೆ: ನನ್ನ ಮಗಳು ದ್ವಿತೀಯ ಪಿಯುಸಿಯಲ್ಲಿ ಇತಿಹಾಸ ಓದುತ್ತಿದ್ದಾಳೆ. ಶೀತಲ ಸಮರದ ಪಾಠ ಓದುವಾಗ ಅವಳು ಕೇಳಿದ ಪ್ರಶ್ನೆಗೆ ನನಗೆ ಉತ್ತರ ಹೊಳೆಯಲಿಲ್ಲ. ಅಮೆರಿಕ, ರಷ್ಯಾ 40 ವರ್ಷಕ್ಕೂ ಜಾಸ್ತಿ ಜಗಳ ಆಡಿದವು. ಒಮ್ಮೆಯೂ ನೇರ ಯುದ್ಧ ಆಗಲಿಲ್ಲ. ಹಾಗಿದ್ದರೆ ಅದು ಸಮರ ಹೇಗಾಯಿತು? ಯುದ್ಧ ಆಗದಿರುವುದಕ್ಕೆ ಅಣುಬಾಂಬ್ ಭಯ ಒಂದೇ ಕಾರಣವಾ? ನಮ್ಮಂಥವರಿಗೂ ಅದಕ್ಕೂ ಏನಾದರೂ ಸಂಬಂಧ ಇತ್ತಾ?
– ದಾವಣಗೆರೆಯ ಓದುಗರೊಬ್ಬರು

ಉತ್ತರ:

ಮೊದಲು ಮಗಳಿಗೆ ನನ್ನ ಶಹಬ್ಬಾಸ್ ಹೇಳಿಬಿಡಿ. ತುಂಬಾ ವರ್ಷ ಇತಿಹಾಸ ಪಾಠ ಮಾಡಿದವನು ನಾನು. ‘ಎರಡೂ ಕಡೆ ಅಣ್ವಸ್ತ್ರ ಇದ್ದುದರಿಂದ ಯುದ್ಧ ಆಗಲಿಲ್ಲ’ ಎಂಬ ಒಂದು ಸಾಲನ್ನು ನೂರಾರು ಉತ್ತರ ಪತ್ರಿಕೆಗಳಲ್ಲಿ ಓದಿ ಅಂಕ ಕೊಟ್ಟಿದ್ದೇನೆ. ಆ ಸಾಲು ತಪ್ಪಲ್ಲ. ಆದರೆ ಅರ್ಧವೇ ಸರಿ. ಉಳಿದ ಅರ್ಧ ಮಕ್ಕಳಿಗೆ ಗೊತ್ತಾಗಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಬಾಂಬ್ ಭಯ ಒಂದೇ ಸಾಲದು ಅನ್ನೋದಕ್ಕೆ ಒಂದು ತಾರೀಕು ಸಾಕು. ಸೋವಿಯತ್ ಒಕ್ಕೂಟ (ನೀವು ರಷ್ಯಾ ಅಂದದ್ದು ಇದನ್ನೇ) ತನ್ನ ಮೊದಲ ಅಣುಬಾಂಬ್ ಪರೀಕ್ಷೆ ಮಾಡಿದ್ದು 1949ರ ಆಗಸ್ಟ್ 29ರಂದು. ಅದಕ್ಕೂ ಒಂದು ವರ್ಷ ಮೊದಲೇ, 1948ರ ಜೂನ್‌ನಲ್ಲಿ, ಬರ್ಲಿನ್ ವಿಚಾರದಲ್ಲಿ ಎರಡೂ ದೇಶಗಳು ಮುಖಾಮುಖಿ ನಿಂತಿದ್ದವು. ಆಗ ಬಾಂಬ್ ಇದ್ದದ್ದು ಅಮೆರಿಕದ ಬಳಿ ಮಾತ್ರ. ಆದರೂ ಯುದ್ಧ ಆಗಲಿಲ್ಲ. ಯಾಕೆ? ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಗೆದ್ದ ನಾಲ್ಕು ದೇಶಗಳು ಅದನ್ನು ಪಾಲು ಮಾಡಿಕೊಂಡವು. ರಾಜಧಾನಿ ಬರ್ಲಿನ್ನೂ ನಾಲ್ಕು ಪಾಲಾಯಿತು. ತೊಡಕು ಏನೆಂದರೆ, ಬರ್ಲಿನ್ ಇದ್ದದ್ದು ಸೋವಿಯತ್ ಪಾಲಿನ ಒಳಗೆ, ಗಡಿಯಿಂದ 150 ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿ. ಅಮೆರಿಕ, ಬ್ರಿಟನ್, ಫ್ರಾನ್ಸ್ ಪಾಲಿನ ಪಶ್ಚಿಮ ಬರ್ಲಿನ್‌ಗೆ ಹೋಗಬೇಕಾದರೆ ಸೋವಿಯತ್ ನೆಲದ ಮೇಲೇ ಹಾದು ಹೋಗಬೇಕು. ನಿಮ್ಮ ಹೊಲಕ್ಕೆ ದಾಯಾದಿಯ ಹೊಲದಲ್ಲಿ ಹಾದು ಹೋಗಬೇಕಾದರೆ ಹೇಗಿರುತ್ತದೆ ಗೊತ್ತಲ್ವಾ? ಹಾಗೆ. 1948ರ ಜೂನ್ 24ರಂದು ಸೋವಿಯತ್ ನಾಯಕ ಸ್ಟಾಲಿನ್ ದಾರಿಗೆ ಮುಳ್ಳು ಹಾಕಿದರು. ರಸ್ತೆ ಬಂದ್, ರೈಲು ಬಂದ್, ಕಾಲುವೆಯಲ್ಲಿ ದೋಣಿ ಓಡಾಟವೂ ಬಂದ್. ಪಶ್ಚಿಮ ಬರ್ಲಿನ್‌ನಲ್ಲಿದ್ದ 20 ಲಕ್ಷಕ್ಕೂ ಹೆಚ್ಚು ಜನರಿಗೆ ಹಿಟ್ಟಿಲ್ಲ, ಹಾಲಿಲ್ಲ, ಕಲ್ಲಿದ್ದಲಿಲ್ಲ.

ಅಲ್ಲಿದ್ದ ಅಮೆರಿಕದ ಜನರಲ್ ಲೂಷಿಯಸ್ ಕ್ಲೇ, ಸೈನಿಕರ ಕಾವಲಿನಲ್ಲಿ ಲಾರಿಗಳನ್ನು ನುಗ್ಗಿಸಿಯೇ ಬಿಡೋಣ ಎಂದರು. ವಾಷಿಂಗ್ಟನ್ ಒಪ್ಪಲಿಲ್ಲ. ಲಾರಿ ನುಗ್ಗಿದರೆ ಸೋವಿಯತ್ ಸೈನಿಕ ತಡೆಯುತ್ತಾನೆ, ತಡೆದರೆ ಗುಂಡು ಹಾರುತ್ತದೆ. ಅದರ ಬದಲು ವಿಮಾನದಲ್ಲಿ ಸಾಮಾನು ಕಳಿಸೋಣ ಅಂತ ತೀರ್ಮಾನವಾಯಿತು. ಯಾಕೆ ವಿಮಾನ? ಬರ್ಲಿನ್‌ಗೆ ಮೂರು ವಾಯುಮಾರ್ಗ ಬಿಡಬೇಕು ಅಂತ 1945ರ ನವೆಂಬರ್‌ನಲ್ಲಿ ಕಾಗದದ ಮೇಲೆ ಒಪ್ಪಂದ ಆಗಿತ್ತು. ರಸ್ತೆ, ರೈಲಿಗೆ ಅಂಥ ಬರಹದ ಒಪ್ಪಂದ ಇರಲಿಲ್ಲ. ಈಗ ಯೋಚನೆ ಮಾಡಬೇಕಾದವರು ಸ್ಟಾಲಿನ್. ವಿಮಾನ ತಡೆಯಬೇಕಾದರೆ ಹೊಡೆದೇ ಉರುಳಿಸಬೇಕು. ಅಂದರೆ ಮೊದಲ ಗುಂಡಿನ ಪಾಪ ಅವರದ್ದಾಗುತ್ತದೆ. ಅವರು ಹೊಡೆಯಲಿಲ್ಲ.

ಇಡೀ ಶೀತಲ ಸಮರದ ಒಳಗುಟ್ಟು ಇದೇ ಅಂತ ನನ್ನ ನಂಬಿಕೆ. ಎರಡೂ ಕಡೆಯವರು ಒಬ್ಬರನ್ನೊಬ್ಬರು ಒತ್ತುತ್ತಲೇ ಇದ್ದರು. ಆದರೆ ಮೊದಲ ಗುಂಡು ಹಾರಿಸುವ ಪಾಪ ಎದುರಿನವರ ಕೊರಳಿಗೆ ಬೀಳುವ ಹಾಗೆ ಒತ್ತುತ್ತಿದ್ದರು. ಎದುರಿನವರಿಗೆ ಹಿಂದೆ ಸರಿಯಲು ಒಂದು ಸಂದು ಬಿಟ್ಟಿರುತ್ತಿದ್ದರು.

ಬರ್ಲಿನ್‌ಗೆ ವಿಮಾನಗಳು ಹಗಲೂ ರಾತ್ರಿ ಹಾರಿದವು. ಒಟ್ಟು 2,77,000ಕ್ಕೂ ಜಾಸ್ತಿ ಸಲ. ಸುಮಾರು 23 ಲಕ್ಷ ಟನ್ ಸಾಮಾನು ಹೋಯಿತು, ಅದರಲ್ಲಿ ಬಹುಪಾಲು ಕಲ್ಲಿದ್ದಲು. ಗೇಲ್ ಹಾಲ್ವೋರ್ಸನ್ ಎಂಬ ಅಮೆರಿಕನ್ ಪೈಲಟ್ ಒಂದು ದಿನ ಟೆಂಪೆಲ್‌ಹೋಫ್ ವಿಮಾನ ನಿಲ್ದಾಣದ ಬೇಲಿಯಾಚೆ ನಿಂತಿದ್ದ ಮಕ್ಕಳನ್ನು ಮಾತಾಡಿಸಿದರು. ಜೇಬಿನಲ್ಲಿ ಇದ್ದದ್ದು ಎರಡೇ ಚ್ಯೂಯಿಂಗ್ ಗಮ್. ಕೊಟ್ಟರು. ಮಕ್ಕಳು ಕಿತ್ತಾಡಲಿಲ್ಲ, ಚೂರು ಚೂರು ಮಾಡಿ ಹಂಚಿಕೊಂಡರು. ಸಿಗದವರು ಸುತ್ತಿದ ಕಾಗದವನ್ನು ಮೂಸಿ ನೋಡಿ ಪಕ್ಕದವರಿಗೆ ಕೊಟ್ಟರು. ನಾಳೆ ವಿಮಾನದ ರೆಕ್ಕೆ ಅಲ್ಲಾಡಿಸಿದರೆ ನಾನೇ ಅಂತ ತಿಳಿಯಿರಿ ಎಂದು ಹೇಳಿ ಹೋದ ಅವರು, ಕರವಸ್ತ್ರವನ್ನೇ ಪ್ಯಾರಾಶೂಟ್ ಮಾಡಿ ಚಾಕೊಲೇಟ್ ಇಳಿಸಿದರು. ಮೂರು ವರ್ಷದ ಹಿಂದೆ ಇದೇ ಊರಿನ ಮೇಲೆ ಇದೇ ದೇಶದ ವಿಮಾನಗಳು ಬಾಂಬ್ ಹಾಕಿದ್ದವು.

ಇನ್ನೊಂದು ಸಂಗತಿ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬರ್ಲಿನ್‌ನ ಆಕಾಶ ನೋಡಿಕೊಳ್ಳಲು ನಾಲ್ಕೂ ದೇಶಗಳ ಅಧಿಕಾರಿಗಳು ಒಟ್ಟಿಗೆ ಕೂರುವ ಒಂದು ಕಚೇರಿ ಇತ್ತು. ದಾರಿ ಮುಚ್ಚಿದ ಆ ಹನ್ನೊಂದು ತಿಂಗಳೂ ಸೋವಿಯತ್ ಅಧಿಕಾರಿಗಳು ಅಲ್ಲಿಂದ ಎದ್ದು ಹೋಗಲಿಲ್ಲ. ನೆಲದ ಮೇಲೆ ಊಟಕ್ಕೆ ಅಡ್ಡ ಹಾಕಿದ ದೇಶವೇ ಆ ಊಟ ತರುವ ವಿಮಾನಗಳು ಒಂದಕ್ಕೊಂದು ಡಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳುವ ಕೆಲಸದಲ್ಲೂ ಪಾಲುದಾರ! 1949ರ ಮೇ 12ರಂದು ಸ್ಟಾಲಿನ್ ದಾರಿ ತೆಗೆದರು.

ಹಾಗಾದರೆ ಈ ಎರಡು ದೇಶಗಳ ಸೈನಿಕರು ನಿಜವಾಗಿಯೂ ಒಮ್ಮೆಯೂ ಹೊಡೆದಾಡಲಿಲ್ಲವಾ? ಹೊಡೆದಾಡಿದರು. ಕೊರಿಯಾದ ಆಕಾಶದಲ್ಲಿ. ಅಲ್ಲಿ ಉತ್ತರ, ದಕ್ಷಿಣ ಕೊರಿಯಾಗಳ ನಡುವೆ ಯುದ್ಧ ನಡೆದಿತ್ತು. ಉತ್ತರದ ಬೆನ್ನಿಗೆ ಚೀನಾ, ಸೋವಿಯತ್ ಒಕ್ಕೂಟ, ದಕ್ಷಿಣದ ಬೆನ್ನಿಗೆ ಅಮೆರಿಕ. 1950ರ ನವೆಂಬರ್‌ನಿಂದ ಸೋವಿಯತ್ ಪೈಲಟ್‌ಗಳು ಮಿಗ್-15 ವಿಮಾನಗಳಲ್ಲಿ ಅಮೆರಿಕದ ವಿಮಾನಗಳ ಜೊತೆ ಕಾದಾಡಿದರು. ಅವರಿಗೆ ಚೀನೀ ಸಮವಸ್ತ್ರ, ವಿಮಾನಕ್ಕೆ ಚೀನಾದ, ಕೊರಿಯಾದ ಗುರುತು. ಸಮುದ್ರದ ಮೇಲೆ ಹಾರಬಾರದು, ಶತ್ರುವಿನ ನೆಲದ ಮೇಲೆ ಹೋಗಬಾರದು ಅಂತ ಕಟ್ಟಪ್ಪಣೆ, ಕೆಳಗೆ ಬಿದ್ದು ಸಿಕ್ಕಿಬಿದ್ದರೆ ಗುಟ್ಟು ರಟ್ಟಾಗುತ್ತದಲ್ಲ! ರೇಡಿಯೊದಲ್ಲಿ ರಷ್ಯನ್ ಮಾತಾಡಬಾರದು ಅಂತಲೂ ಹೇಳಿದ್ದರು. ಆದರೆ ಬೆನ್ನ ಹಿಂದೆ ಶತ್ರುವಿನ ವಿಮಾನ ಬಂದಾಗ ಯಾರಿಗೆ ಕಲಿತ ಭಾಷೆ ನೆನಪಿರುತ್ತದೆ? ಬಾಯಿಗೆ ಬರುವುದು ತಾಯಿನುಡಿಯೇ. ಅಮೆರಿಕನ್ನರು ಅದನ್ನು ಕೇಳಿಸಿಕೊಂಡರು. ಅವರಿಗೆ ಗೊತ್ತಾಯಿತು. ಗೊತ್ತಾದರೂ ಬಾಯಿ ಬಿಡಲಿಲ್ಲ. ಯಾಕೆಂದರೆ ಬಹಿರಂಗವಾಗಿ ಹೇಳಿದರೆ ‘ರಷ್ಯಾ ಮೇಲೆ ಯುದ್ಧ ಸಾರಿ’ ಅಂತ ತಮ್ಮ ಜನರೇ ಕೂಗುತ್ತಾರೆ. ಹೀಗೆ ಶತ್ರುಗಳಿಬ್ಬರೂ ಸೇರಿ ಒಂದೇ ಗುಟ್ಟನ್ನು ದಶಕಗಳ ಕಾಲ ಕಾಪಾಡಿದರು.

ಆಮೇಲೆ ಬರ್ಲಿನ್‌ನಲ್ಲೇ ಇನ್ನೊಂದು ಸಲ. ಪೂರ್ವ ಬರ್ಲಿನ್ (ಸೋವಿಯತ್ ಪಾಲು), ಪಶ್ಚಿಮ ಬರ್ಲಿನ್ ನಡುವೆ ಗೋಡೆ ಕಟ್ಟಿ ಎರಡು ತಿಂಗಳಾಗಿತ್ತು. ಅಮೆರಿಕದ ರಾಜತಾಂತ್ರಿಕರೊಬ್ಬರು ಪೂರ್ವ ಬರ್ಲಿನ್‌ಗೆ ರಂಗಮಂದಿರಕ್ಕೆ ಹೊರಟಿದ್ದರು. ಪೂರ್ವ ಜರ್ಮನಿಯ ಕಾವಲುಗಾರರು ಪಾಸ್‌ಪೋರ್ಟ್ ತೋರಿಸಿ ಅಂದರು, ಇವರು ತೋರಿಸಲ್ಲ ಅಂದರು. ಅಷ್ಟೇ ಶುರು. 1961ರ ಅಕ್ಟೋಬರ್ 27ರ ಸಂಜೆ ಚೆಕ್‌ಪಾಯಿಂಟ್ ಚಾರ್ಲಿ ಎಂಬ ತಪಾಸಣೆ ಗೇಟಿನ ಆ ಕಡೆ ಹತ್ತು ಸೋವಿಯತ್ ಟ್ಯಾಂಕ್, ಈ ಕಡೆ ಹತ್ತು ಅಮೆರಿಕನ್ ಟ್ಯಾಂಕ್. ನಡುವೆ ಬರೀ ನೂರು ಮೀಟರ್ ಆಸುಪಾಸು. ಸುಮಾರು 16 ಗಂಟೆ ಹಾಗೇ ನಿಂತವು. ಒಳಗೊಳಗೇ ಅಮೆರಿಕದ ಅಧ್ಯಕ್ಷ ಕೆನಡಿ ಕಡೆಯಿಂದ, ಸ್ಟಾಲಿನ್ ನಂತರ ಸೋವಿಯತ್ ನಾಯಕರಾಗಿದ್ದ ಕ್ರುಶ್ಚೇವ್‌ಗೆ ಮಾತು ಹೋಯಿತು. ಮರುದಿನ ಬೆಳಿಗ್ಗೆ ಒಂದು ಸೋವಿಯತ್ ಟ್ಯಾಂಕ್ ಐದು ಮೀಟರ್‌ನಷ್ಟು ಹಿಂದೆ ಸರಿಯಿತು. ಒಂದು ಅಮೆರಿಕನ್ ಟ್ಯಾಂಕೂ ಅಷ್ಟೇ ಹಿಂದೆ ಸರಿಯಿತು. ಹೀಗೆ ಒಂದೊಂದಾಗಿ ಎಲ್ಲವೂ ಹೋದವು.

ಈಗ ಅಮೆರಿಕದ ಪಕ್ಕದ ದ್ವೀಪ ದೇಶ ಕ್ಯೂಬಾಗೆ ಬರೋಣ. 1962ರ ಅಕ್ಟೋಬರ್ 14ರಂದು ಅಮೆರಿಕದ ಯು-2 ಬೇಹುಗಾರಿಕೆ ವಿಮಾನ ತೆಗೆದ ಚಿತ್ರಗಳಲ್ಲಿ ಅಲ್ಲಿ ಸೋವಿಯತ್ ಕ್ಷಿಪಣಿಗಳ ನೆಲೆ ಕಂಡಿತು. ಅಮೆರಿಕದ ಕರಾವಳಿಯಿಂದ 150 ಕಿಲೋಮೀಟರ್ ಚಿಲ್ಲರೆ ದೂರ. ಕೆನಡಿಯ ಸೇನಾಧಿಕಾರಿಗಳು ಬಾಂಬ್ ಹಾಕೋಣ ಎಂದರು. ಕೆನಡಿ ಅದರ ಬದಲು ಕ್ಯೂಬಾಗೆ ಹೋಗುವ ಹಡಗುಗಳಿಗೆ ತಡೆ ಒಡ್ಡಿದರು. ಅದಕ್ಕೆ ‘ದಿಗ್ಬಂಧನ’ ಅನ್ನಲಿಲ್ಲ, ಯಾಕೆಂದರೆ ಕಾನೂನಿನ ಪ್ರಕಾರ ದಿಗ್ಬಂಧನ ಅಂದರೆ ಯುದ್ಧವೇ. ಕೊರೊನಾ ಕಾಲದಲ್ಲಿ ನಮಗೆಲ್ಲ ಬಾಯಿಪಾಠವಾದ ‘ಕ್ವಾರಂಟೈನ್’ ಎಂಬ ಪದ ಇದೆಯಲ್ಲ, ಅದನ್ನು ಬಳಸಿದರು. ಹತ್ತಿ ತಪಾಸಣೆ ಮಾಡಿದ ಮೊದಲ ಹಡಗು ಮಾರುಕ್ಲಾ. ಸೋವಿಯತ್ ಬಾಡಿಗೆಗೆ ಹಿಡಿದಿದ್ದ, ಲೆಬನಾನಿನಲ್ಲಿ ನೋಂದಣಿಯಾದ ಹಡಗು ಅದು. ನೇರ ಸೋವಿಯತ್ ಹಡಗು ಹತ್ತಿದರೆ ಕ್ರುಶ್ಚೇವ್ ಮಾನದ ಪ್ರಶ್ನೆ ಆಗುತ್ತಿತ್ತು. ಬೇಕೆಂದೇ ಇದನ್ನು ಆರಿಸಿಕೊಂಡರು.

ಕ್ರುಶ್ಚೇವ್ ಅಕ್ಟೋಬರ್ 26ರಂದು ಕೆನಡಿಗೆ ಉದ್ದನೆಯ ಕಾಗದ ಬರೆದರು. ಅದರಲ್ಲಿ ಹಗ್ಗದ ಮಾತು ಬರುತ್ತದೆ. ಯುದ್ಧದ ಗಂಟು ಬಿದ್ದಿರುವ ಹಗ್ಗದ ಎರಡು ತುದಿಗಳನ್ನು ನಾವಿಬ್ಬರೂ ಎಳೆಯುವುದು ಬೇಡ, ಎಳೆದಷ್ಟೂ ಗಂಟು ಬಿಗಿಯುತ್ತದೆ, ಆಮೇಲೆ ಕಟ್ಟಿದವನಿಗೂ ಬಿಚ್ಚಲು ಆಗುವುದಿಲ್ಲ ಅನ್ನುವ ಅರ್ಥದ ಮಾತು. ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ತಂದೆ ಅವರು. ಆ ಕಾಗದ ಓದುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಆದರೆ ಮರುದಿನ, 27ರಂದು, ನಾಯಕರ ಕೈ ಮೀರಿ ಘಟನೆಗಳು ನಡೆದವು. ಕ್ಯೂಬಾದ ಮೇಲೆ ಯು-2 ವಿಮಾನವನ್ನು ಹೊಡೆದುರುಳಿಸಿದರು, ಪೈಲಟ್ ಮೇಜರ್ ರುಡಾಲ್ಫ್ ಆ್ಯಂಡರ್ಸನ್ ಸತ್ತರು. ಹೊಡೆಯಿರಿ ಅಂತ ಮಾಸ್ಕೋ ಹೇಳಿರಲಿಲ್ಲ. ಅದೇ ದಿನ ಇನ್ನೊಂದು ಯು-2 ಉತ್ತರ ಧ್ರುವದ ಕಡೆ ದಾರಿ ತಪ್ಪಿ ಸೋವಿಯತ್ ನೆಲದ ಮೇಲೆ ಹೋಗಿಬಿಟ್ಟಿತು.

ಅದೇ ದಿನ ಸಮುದ್ರದ ಅಡಿಯಲ್ಲಿ ಬಿ-59 ಎಂಬ ಸೋವಿಯತ್ ಜಲಾಂತರ್ಗಾಮಿ ಇತ್ತು. ಮಾಸ್ಕೋ ಜೊತೆ ಸಂಪರ್ಕ ಕಡಿದು ದಿನಗಳಾಗಿದ್ದವು. ಬ್ಯಾಟರಿ ಖಾಲಿ ಆಗುತ್ತಾ ಬಂದಿತ್ತು. ಒಳಗೆ 45 ಡಿಗ್ರಿಗೂ ಜಾಸ್ತಿ ಸೆಕೆ, ಉಸಿರಾಡುವುದೇ ಕಷ್ಟ, ಜನ ತಲೆ ಸುತ್ತಿ ಬೀಳುತ್ತಿದ್ದರು. ಮೇಲಿದ್ದ ಅಮೆರಿಕದ ಹಡಗುಗಳು ‘ಮೇಲೆ ಬಾ’ ಅಂತ ಸೂಚನೆ ಕೊಡಲು ಸಣ್ಣ ಸಿಡಿಗುಂಡು ಹಾಕುತ್ತಿದ್ದವು. ಒಳಗಿದ್ದವರಿಗೆ ಅದು ಕಬ್ಬಿಣದ ಡ್ರಮ್ಮಿನೊಳಗೆ ಕೂರಿಸಿ ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ಕೇಳಿಸುತ್ತಿತ್ತು. ಆ ಜಲಾಂತರ್ಗಾಮಿಯಲ್ಲಿ ಅಣ್ವಸ್ತ್ರದ ಟಾರ್ಪಿಡೊ (ನೀರೊಳಗೇ ಸಾಗಿ ಹಡಗಿಗೆ ಹೊಡೆಯುವ ಅಸ್ತ್ರ) ಒಂದಿತ್ತು. ಅಮೆರಿಕನ್ನರಿಗೆ ಅದು ಗೊತ್ತೇ ಇರಲಿಲ್ಲ. ಮೇಲೆ ಯುದ್ಧ ಶುರುವಾಗಿರಬೇಕು ಅಂತ ಕ್ಯಾಪ್ಟನ್ ಸವಿಟ್ಸ್ಕಿ ಸಿಟ್ಟಿನಲ್ಲಿ ಟಾರ್ಪಿಡೊ ಸಿದ್ಧ ಮಾಡಲು ಹೇಳಿದರು ಎಂದು ಜೊತೆಗಿದ್ದವರು ಹೇಳಿದ್ದಾರೆ. ಅವರನ್ನು ಸಮಾಧಾನ ಮಾಡಿದವರು ಅದೇ ಜಲಾಂತರ್ಗಾಮಿಯಲ್ಲಿದ್ದ ವಾಸಿಲಿ ಆರ್ಖಿಪೋವ್ ಎಂಬ ಅಧಿಕಾರಿ. ಬಿ-59 ಮೇಲೆ ಬಂತು. ವಾಪಸ್ ಹೋಯಿತು. ಆ ಟಾರ್ಪಿಡೊ ವಿಷಯ ಜಗತ್ತಿಗೆ ತಿಳಿಯಲು ಸುಮಾರು 40 ವರ್ಷ ಬೇಕಾಯಿತು.

ಮಗಳಿಗೆ ಇದನ್ನು ಒತ್ತಿ ಹೇಳಿ. ಬಾಂಬ್ ಭಯ ಇದ್ದದ್ದು ಮಾಸ್ಕೋ, ವಾಷಿಂಗ್ಟನ್‌ನ ಕೋಣೆಗಳಲ್ಲಿ. ಸಮುದ್ರದ ಅಡಿಯ ಆ ಸೆಕೆಯಲ್ಲಿ ಯುದ್ಧ ತಡೆದದ್ದು ಒಬ್ಬ ಮನುಷ್ಯನ ತಾಳ್ಮೆ. 1983ರ ಸೆಪ್ಟೆಂಬರ್ 26ರಂದು ಇಂಥದ್ದೇ ಇನ್ನೊಂದು ಆಯಿತು. ಅಮೆರಿಕದಿಂದ ಐದು ಕ್ಷಿಪಣಿ ಬರುತ್ತಿವೆ ಅಂತ ಮಾಸ್ಕೋ ಬಳಿಯ ಕಂಪ್ಯೂಟರ್ ಹೇಳಿತು. ಪಾಳಿಯಲ್ಲಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಯೋಚಿಸಿದರು. ನಿಜವಾಗಿ ಯುದ್ಧ ಶುರು ಮಾಡುವವರು ಬರೀ ಐದು ಕಳಿಸುತ್ತಾರಾ? ತಪ್ಪು ಎಚ್ಚರಿಕೆ ಅಂತ ವರದಿ ಮಾಡಿದರು. ಮೋಡದ ಮೇಲೆ ಬಿದ್ದ ಬಿಸಿಲು ಉಪಗ್ರಹಕ್ಕೆ ಬೆಂಕಿಯಂತೆ ಕಂಡಿತ್ತು.

ಕ್ಯೂಬಾ ವಿಷಯ ಅಕ್ಟೋಬರ್ 28ರಂದು ಬಗೆಹರಿಯಿತು. ಕ್ರುಶ್ಚೇವ್ ಕ್ಷಿಪಣಿ ವಾಪಸ್ ತೆಗೆದರು. ಟರ್ಕಿಯಲ್ಲಿದ್ದ ತಮ್ಮ ಕ್ಷಿಪಣಿಗಳನ್ನು ತೆಗೆಯುತ್ತೇವೆ ಅಂತ ಕೆನಡಿ ಗುಟ್ಟಾಗಿ ಮಾತು ಕೊಟ್ಟಿದ್ದರು, ಉಳಿಸಿಕೊಂಡರು. ಇಷ್ಟೆಲ್ಲ ಆದ ಮೇಲೆ ಇಬ್ಬರೂ ಒಂದು ಪಾಠ ಕಲಿತರು. ಆ ದಿನಗಳಲ್ಲಿ ಒಂದು ಕಾಗದ ಮಾಸ್ಕೋದಿಂದ ವಾಷಿಂಗ್ಟನ್ ಮುಟ್ಟಿ, ಅನುವಾದ ಆಗಿ ಕೈಗೆ ಸಿಗಲು ಅರ್ಧ ದಿನ ಹಿಡಿಯುತ್ತಿತ್ತು. ವಾಷಿಂಗ್ಟನ್‌ನ ಸೋವಿಯತ್ ರಾಯಭಾರಿ ತಮ್ಮ ಸಂದೇಶವನ್ನು ಸೈಕಲ್ ಮೇಲೆ ಬರುವ ತಂತಿ ಹುಡುಗನ ಕೈಗೆ ಕೊಡಬೇಕಿತ್ತು. ಅದಕ್ಕೇ 1963ರ ಆಗಸ್ಟ್ 30ರಿಂದ ಎರಡೂ ರಾಜಧಾನಿಗಳ ನಡುವೆ ನೇರ ಸಂಪರ್ಕದ ಹಾಟ್‌ಲೈನ್ ಬಂತು. ಸಿನಿಮಾದಲ್ಲಿ ತೋರಿಸುವ ಕೆಂಪು ಫೋನ್ ಅಲ್ಲ, ಬರಹದ ಸಂದೇಶ ಕಳಿಸುವ ಟೆಲಿಪ್ರಿಂಟರ್. ಮಾತಿನಲ್ಲಿ ಸಿಟ್ಟು ಬರುತ್ತದೆ, ತಪ್ಪು ಅರ್ಥ ಆಗುತ್ತದೆ, ಬರಹದಲ್ಲಿ ಯೋಚಿಸಲು ಸಮಯ ಸಿಗುತ್ತದೆ ಅನ್ನುವ ಲೆಕ್ಕ. ಆಮೇಲೆ 1972ರಲ್ಲಿ, ಸಮುದ್ರದಲ್ಲಿ ಎರಡೂ ನೌಕಾಪಡೆಗಳ ಹಡಗುಗಳು ಒಂದರ ಹತ್ತಿರ ಒಂದು ಹೇಗೆ ನಡೆದುಕೊಳ್ಳಬೇಕು ಅನ್ನೋದಕ್ಕೂ ಒಪ್ಪಂದ ಆಯಿತು. ಇವೆಲ್ಲ ಓದಲು ಸಪ್ಪೆ ಅನಿಸಬಹುದು. ನನಗೆ ಮಾತ್ರ ಕ್ಷಿಪಣಿಗಳ ಲೆಕ್ಕಕ್ಕಿಂತ ಈ ಕಾಗದಗಳ ಮೇಲೆ ಗೌರವ ಜಾಸ್ತಿ.

ಕಾಗದ ಎಷ್ಟು ತಡೆಯುತ್ತದೆ, ಎಷ್ಟು ತಡೆಯುವುದಿಲ್ಲ ಅನ್ನೋದು ನಮ್ಮ ಗಡಿಯಲ್ಲೇ ಕಂಡಿದೆ. ವಾಸ್ತವ ನಿಯಂತ್ರಣ ರೇಖೆಯ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸಬಾರದು ಅಂತ ಭಾರತ, ಚೀನಾ 1996ರಲ್ಲಿ ಒಪ್ಪಿಕೊಂಡಿವೆ. 2020ರ ಜೂನ್ 15ರ ರಾತ್ರಿ ಗಾಲ್ವಾನ್ ಕಣಿವೆಯಲ್ಲಿ ಗುಂಡು ಹಾರಲಿಲ್ಲ. ಆದರೆ ಕಲ್ಲು, ಕಬ್ಬಿಣದ ಸರಳುಗಳಲ್ಲಿ ನಡೆದ ಹೊಡೆದಾಟದಲ್ಲಿ ನಮ್ಮ 20 ಯೋಧರು ಪ್ರಾಣ ಬಿಟ್ಟರು. ಆ ಜಗಳ ದೊಡ್ಡ ಯುದ್ಧ ಆಗಲಿಲ್ಲ. ಆ 20 ಮನೆಗಳವರ ಮುಂದೆ ನಿಂತು ‘ಅದು ಯುದ್ಧ ಅಲ್ಲ’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇದರಲ್ಲೇ ನಿಮ್ಮ ಮಗಳ ಮೊದಲ ಪ್ರಶ್ನೆಗೂ ಉತ್ತರ ಇದೆ. ‘ಶೀತಲ’ ಆಗಿದ್ದದ್ದು ಆ ಇಬ್ಬರ ನಡುವೆ ಮಾತ್ರ. ತಮ್ಮ ನಡುವೆ ಅಷ್ಟು ಜೋಪಾನವಾಗಿದ್ದವರು ಬೇರೆಯವರ ಅಂಗಳದಲ್ಲಿ ಆ ಜೋಪಾನ ತೋರಿಸಲಿಲ್ಲ. ಕೊರಿಯಾದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಂತ ಅಂದಾಜು. ವಿಯೆಟ್ನಾಂನಲ್ಲಿ ಸತ್ತ ಅಮೆರಿಕದ ಸೈನಿಕರೇ 58,000ಕ್ಕೂ ಜಾಸ್ತಿ. ವಿಯೆಟ್ನಾಮಿನ ಜನರದ್ದು ಅದಕ್ಕಿಂತ ಎಷ್ಟೋ ಪಟ್ಟು. ಅಂಗೋಲಾ, ಅಫ್ಘಾನಿಸ್ತಾನ, ಎಲ್ಲ ಕಡೆ ಅದೇ ಕಥೆ. ಹೀಗಾಗಿ ಅದನ್ನು ಸಮರ ಅನ್ನುವುದು ಸರಿಯೇ. ‘ಶೀತಲ’ ಅನ್ನುವ ಪದವೇ ನನಗೆ ಚುಚ್ಚುತ್ತದೆ.

ನಮಗೆ ಏನು ಸಂಬಂಧ ಅಂತ ಕೇಳಿದ್ದೀರಿ. ನನ್ನ ಬಾಲ್ಯವೇ ಅದರ ನಡುವೆ ಕಳೆಯಿತು. ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನ ನಮಗೆ ಹಳದಿ ಉಪ್ಪಿಟ್ಟು ಕೊಡುತ್ತಿದ್ದರು. ಅಮೆರಿಕದಿಂದ ಬಂದ ಜೋಳದ ಹಿಟ್ಟು. ಚೀಲದ ಮೇಲೆ ಎರಡು ಕೈ ಕುಲುಕುವ ಚಿತ್ರ ಇತ್ತು. ತಟ್ಟೆ ತೊಳೆದು ಬಂದು ತೆಗೆಯುತ್ತಿದ್ದ ಪುಸ್ತಕಗಳ ಬೈಂಡ್ ಮಾತ್ರ ರಷ್ಯಾದ್ದು! ‘ಸೋವಿಯತ್ ಲ್ಯಾಂಡ್’ ಪತ್ರಿಕೆಯ ನುಣುಪು ಹಾಳೆಯಷ್ಟು ಗಟ್ಟಿ ಕಾಗದ ಬೇರೆ ಸಿಗುತ್ತಿರಲಿಲ್ಲ. ಕನ್ನಡದಲ್ಲೂ ಬರುತ್ತಿದ್ದ ಆ ಪತ್ರಿಕೆಗೆ ಅಪ್ಪ ಚಂದಾ ಕಟ್ಟಿದ್ದರು. ಇಬ್ಬರೂ ನಮ್ಮನ್ನು ಒಲಿಸಿಕೊಳ್ಳಲು ನೋಡುತ್ತಿದ್ದಾರೆ ಅಂತ ಆಗ ನಮಗೆಲ್ಲಿ ಗೊತ್ತು? ಹೊಟ್ಟೆಗೆ ಅವರದು, ಬೈಂಡಿಗೆ ಇವರದು.

1975 ನೋಡಿ. ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ನಮ್ಮ ಮೊದಲ ಉಪಗ್ರಹ ಆರ್ಯಭಟ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋಯಿತು. ಅದೇ ವರ್ಷದ ಆಗಸ್ಟ್ 1ರಿಂದ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಟಿ.ವಿ. ಕಾಣಿಸಿತು, ಅಮೆರಿಕದ ಉಪಗ್ರಹದ ಮೂಲಕ. ಒಂದೇ ವರ್ಷದಲ್ಲಿ ಎರಡೂ ಕಡೆಯಿಂದ ಕೆಲಸ ಮಾಡಿಸಿಕೊಂಡದ್ದು ಯಾರ ಬಾಲವೂ ಆಗದೆ ಇದ್ದುದರಿಂದ. ಎರಡೂ ಬಣ ಸೇರದ ಈ ಅಲಿಪ್ತ ನೀತಿಯನ್ನು ಸುಮ್ನೆ ಗೋಡೆ ಮೇಲೆ ಕೂತದ್ದು ಅಂತ ಹೀಗಳೆಯುವವರು ಇದನ್ನು ನೆನೆಯಬೇಕು.

ಇನ್ನೊಂದು ಕೊಂಡಿ ಇದೆ, ಅದು ಕೊಡಗಿನದು. ಕೊರಿಯಾ ಯುದ್ಧ ನಿಂತಾಗ ಎರಡೂ ಕಡೆ ಯುದ್ಧ ಕೈದಿಗಳಿದ್ದರು. ಉತ್ತರ ಕೊರಿಯಾ, ಚೀನಾ ಕಡೆಯ 22,000ಕ್ಕೂ ಹೆಚ್ಚು ಕೈದಿಗಳು ಊರಿಗೆ ವಾಪಸ್ ಹೋಗಲ್ಲ ಅಂದರು. ಯಾರ ಮಾತನ್ನು ನಂಬುವುದು? ಅಮೆರಿಕ ಹೆದರಿಸಿದೆ ಅಂತ ಚೀನಾ, ಉತ್ತರ ಕೊರಿಯಾ ಕಡೆಯವರು, ಇಲ್ಲ ಅಂತ ಅಮೆರಿಕದವರು. ಕೊನೆಗೆ ಕೈದಿಗಳನ್ನು ಭಾರತದ ಸೈನಿಕರ ಕೈಗೆ ಒಪ್ಪಿಸಿದರು. ಈ ಕೆಲಸ ನೋಡಿಕೊಳ್ಳಲು ತಟಸ್ಥ ದೇಶಗಳ ಆಯೋಗವೊಂದನ್ನು ಮಾಡಿದ್ದರು. 1953ರಲ್ಲಿ ಅದರ ಅಧ್ಯಕ್ಷರಾಗಿ ಹೋದವರು ನಮ್ಮ ಸೇನೆಯ ಅಧಿಕಾರಿ, ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ತಿಮ್ಮಯ್ಯ ನಡುವೆ. ಆ ಚಳಿಗಾಲ ಪೂರ್ತಿ ಅವರು ಎರಡೂ ಕಡೆಯಿಂದ ಬೈಸಿಕೊಂಡರು.

ಬಹುಪಾಲು ಕೈದಿಗಳು ದಕ್ಷಿಣ ಕೊರಿಯಾಕ್ಕೋ ತೈವಾನಿಗೋ ಹೋದರು. ಕೆಲವರು ಮನಸ್ಸು ಬದಲಿಸಿ ಊರಿಗೆ ಮರಳಿದರು. 88 ಜನ ಮಾತ್ರ ಎರಡೂ ಬೇಡ, ಈ ಜಗಳದಲ್ಲಿ ಇಲ್ಲದ ಯಾವುದಾದರೂ ದೇಶಕ್ಕೆ ಕಳಿಸಿ ಅಂದರು. ಅವರನ್ನು ನಮ್ಮ ಸೈನಿಕರು ತಮ್ಮ ಜೊತೆಗೇ ಭಾರತಕ್ಕೆ ಕರೆತಂದರು. ಅವರಲ್ಲಿ ಹೆಚ್ಚಿನವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗೆ ಹೋಗಿ ನೆಲೆಸಿದರು. ಕೆಲವರು ಇಲ್ಲೇ ಉಳಿದರು.